ಕ್ರೂಸಿಬಲ್‌ಗೆ ಬರುವ ಹದಿನಾರು ಜನರನ್ನು ನೀವೆಲ್ಲ ಹೇಗೆ ಊಹಿಸುತ್ತೀರಿ?

ಡೊಂಬಿವಿಲಿಯಿಂದ (ಪ್ರಶ್ನೆ)

ನಮಸ್ಕಾರ. ಸ್ಟೇಷನ್ ಹತ್ತಿರದ ಪಾರ್ಲರ್ ಒಂದರಲ್ಲಿ ಶನಿವಾರ ಸಂಜೆ ಸ್ನೂಕರ್ ಆಡುವ ಎಂಟು ಜನ ಕನ್ನಡದವರು ನಾವು. ಆಟಕ್ಕಿಂತ ಮಾತೇ ಜಾಸ್ತಿ. ಪ್ರತಿ ಏಪ್ರಿಲ್‌ನಲ್ಲಿ ನಮ್ಮದೊಂದು ಚೀಟಿ ಆಟ ಇರುತ್ತದೆ. ವರ್ಲ್ಡ್ ಚಾಂಪಿಯನ್‌ಶಿಪ್‌ನ ಕ್ವಾಲಿಫೈಯಿಂಗ್ ಶುರುವಾಗುವ ಮೊದಲು, ಅಲ್ಲಿ ಗೆದ್ದು ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ಗೆ ಹೋಗುವ 16 ಜನ ಯಾರು ಅಂತ ಬರೆದು ಕೊಡಬೇಕು. ದುಡ್ಡಿನ ಮಾತಿಲ್ಲ. ಯಾರದು ಎಲ್ಲಕ್ಕಿಂತ ಕಡಿಮೆ ಸರಿ ಬರುತ್ತದೋ ಅವರು ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ ಎಲ್ಲರಿಗೂ ತಿಂಡಿ ಕೊಡಿಸಬೇಕು. ಮೂರು ವರ್ಷದಿಂದ ನಾನೇ ಕೊಡಿಸುತ್ತಿದ್ದೇನೆ! 2025ರಲ್ಲಿ ನನಗೆ ಸರಿ ಬಂದದ್ದು ಬರೀ ಐದು. ಒಂದು ವರ್ಷ ರ್‍ಯಾಂಕಿಂಗ್ ನೋಡಿ ಬರೆದೆ, ಇನ್ನೊಂದು ವರ್ಷ ಚೆನ್ನಾಗಿ ಆಡುತ್ತಿರುವವರು ಅಂತ ಬರೆದೆ, ಮತ್ತೊಂದು ವರ್ಷ ಸುಮ್ನೆ ಇಷ್ಟದವರನ್ನೇ ಬರೆದೆ. ಮೂರಕ್ಕೂ ಅದೇ ಗತಿ. ನೀವು ಯಾವುದನ್ನು ನೋಡುತ್ತೀರಿ? ಅನುಭವ ಇದ್ದವರು ಹೇಳಿ ಪ್ಲೀಸ್.

ಮುಲುಂಡ್‌ನಿಂದ

ಮಾರಾಯ್ರೆ, ಮೊದಲು ಒಂದು ಪ್ರಶ್ನೆ. ಹೆಸರು ಬರೆಯುವಾಗ ಡ್ರಾ (ಯಾರ ಎದುರು ಯಾರು ಅನ್ನುವ ಪಟ್ಟಿ) ಎದುರಿಗೆ ಇಟ್ಟುಕೊಂಡಿದ್ದಿರಾ? ಇಲ್ಲ ಅಂತ ನನ್ನ ಅಂದಾಜು, ಯಾಕೆಂದರೆ ನಾನೂ ಆರೇಳು ವರ್ಷ ಇದೇ ತಪ್ಪು ಮಾಡಿದವನು.

ವಿಷಯ ಹೀಗೆ. ರ್‍ಯಾಂಕಿಂಗ್‌ನ ಮೊದಲ 16 ಜನ ನೇರವಾಗಿ ಕ್ರೂಸಿಬಲ್‌ಗೆ ಹೋಗುತ್ತಾರೆ, ಅವರನ್ನು ಬಿಡಿ. ಉಳಿದ 16 ಜಾಗಕ್ಕೆ 128 ಜನ. 2020ರಿಂದ ಇದು ಮೆಟ್ಟಿಲಿನ ಹಾಗೆ ನಡೆಯುತ್ತದೆ. ಕೆಳಗಿನ 64 ಜನ ಮೊದಲ ಸುತ್ತಿನಿಂದ ಆಡಬೇಕು. 49ರಿಂದ 80ರವರೆಗಿನ ಸೀಡ್‌ಗಳು (ಡ್ರಾದಲ್ಲಿ ಬಲದ ಕ್ರಮಕ್ಕೆ ಕೊಟ್ಟ ನಂಬರಿನವರು) ಎರಡನೇ ಸುತ್ತಿಗೆ ಬಂದು ಸೇರುತ್ತಾರೆ, 17ರಿಂದ 48ರವರು ಮೂರನೆಯದಕ್ಕೆ. ನಾಲ್ಕನೇ ಸುತ್ತು ಗೆದ್ದವರು ಒಳಗೆ.

ಈಗ ಡ್ರಾ ಹಾಳೆಯನ್ನು ಕತ್ತರಿಸಿದ ಹಾಗೆ ನೋಡಿ. 128 ಅಂದರೆ ಎಂಟೆಂಟು ಜನರ ಹದಿನಾರು ಗುಂಪು. ಪ್ರತಿ ಗುಂಪಿನಲ್ಲೂ ಮೇಲಿನ ಇಬ್ಬರು ಸೀಡ್, ನಡುವಿನ ಇಬ್ಬರು, ಕೆಳಗಿನ ನಾಲ್ವರು. ಒಂದು ಗುಂಪಿನಿಂದ ಹೊರಗೆ ಬರುವುದು ಒಬ್ಬನೇ ಒಬ್ಬ. ನಾನು ಹಿಂದೆ ಮಾಡುತ್ತಿದ್ದದ್ದೇನು ಗೊತ್ತಾ? ನನಗೆ ಬಲವಾಗಿ ಕಂಡ 16 ಜನರನ್ನು ಪಟ್ಟಿಯಿಂದ ಆರಿಸಿ ಬರೆಯುವುದು. ಆಮೇಲೆ ನೋಡಿದರೆ ಒಂದೇ ಗುಂಪಿನಲ್ಲಿ ಮೂರು ಜನ ಕೂತಿರುತ್ತಿದ್ದರು. ಒಂದು ಚೆಂಡೂ ಪಾಟ್ ಆಗುವ (ಟೇಬಲ್‌ನ ತೂತಿಗೆ ಬೀಳುವ) ಮೊದಲೇ ನನ್ನ ಎರಡು ಹೆಸರು ಹೋಯಿತು! ಅಷ್ಟೇ ಅಲ್ಲ, ಇನ್ನೆರಡು ಗುಂಪಿನಲ್ಲಿ ನನ್ನ ಕಡೆಯವರು ಯಾರೂ ಇಲ್ಲ. ನಿಮ್ಮ ಐದಕ್ಕೆ ಅರ್ಧ ಕಾರಣ ಇದೇ ಇರಬೇಕು.

ಆದ್ದರಿಂದ ಆಟಗಾರರನ್ನು ಆರಿಸಬೇಡಿ, ಒಂದೊಂದು ಗುಂಪಿಗೆ ಒಬ್ಬೊಬ್ಬನನ್ನು ಆರಿಸಿ. ಕಣ್ಣು ಮುಚ್ಚಿ ಬೆರಳಿಟ್ಟರೂ ಸರಾಸರಿ ಎರಡು ಸರಿ ಬರುತ್ತದೆ. ಮೇಲಿನ ಇಬ್ಬರು ಸೀಡ್‌ಗಳ ನಡುವೆ ಯೋಚಿಸಿ ಒಬ್ಬನನ್ನು ಹಿಡಿದರೆ ಅದಕ್ಕಿಂತ ಎಷ್ಟೋ ಮೇಲು. ಅವರು ಗೆಲ್ಲಬೇಕಾದದ್ದು ಎರಡೇ ಮ್ಯಾಚ್ ಅಲ್ವಾ? ಕೆಳಗಿನವನು ನಾಲ್ಕು ಗೆಲ್ಲಬೇಕು.

ಪುಣೆಯಿಂದ, ಮೂಲ ಹುಬ್ಬಳ್ಳಿ

ಮುಲುಂಡ್ ಸರ್ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ನಾನು ಹಿಂಜೆವಾಡಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುವವಳು, ಎಕ್ಸೆಲ್ ಇಲ್ಲದೆ ನನಗೆ ಊಟ ಸೇರುವುದಿಲ್ಲ.

ಒಬ್ಬ ಸೀಡ್‌ಗೆ ಒಂದೊಂದು ಮ್ಯಾಚ್ ಗೆಲ್ಲುವ ಸಾಧ್ಯತೆ ನೂರಕ್ಕೆ 70 ಅಂತ ಇಟ್ಟುಕೊಳ್ಳಿ. ಎರಡನ್ನೂ ಗೆಲ್ಲುವುದು 49. ಅಂದರೆ ನಿಮಗೆ ಗ್ಯಾರಂಟಿ ಅನ್ನಿಸುವ ಹೆಸರೂ ನಾಣ್ಯ ಚಿಮ್ಮಿದ ಹಾಗೆ. ಕೆಳಗಿನಿಂದ ಬರುವ ಒಳ್ಳೆಯ ಹುಡುಗನಿಗೆ ಪ್ರತಿ ಮ್ಯಾಚಿಗೂ 60 ಕೊಟ್ಟರೂ ನಾಲ್ಕು ಗೆಲ್ಲುವುದು 13ರ ಹತ್ತಿರ. ಇದನ್ನು ಮೊದಲು ಮಾಡಿ ನೋಡಿದಾಗ ನನಗೆ ಒಂಥರಾ ಸಮಾಧಾನ ಆಯಿತು. ಎಂಟು ಸರಿ ಬಂದರೆ ಅದು ಸೋಲಲ್ಲ, ಚೆನ್ನಾಗಿಯೇ ಆಡಿದ್ದೀರಿ ಅಂತ. ಡೊಂಬಿವಿಲಿ ಸರ್, ನಿಮ್ಮ ಗುಂಪಿನಲ್ಲಿ ಗೆದ್ದವರಿಗೆ ಎಷ್ಟು ಬಂದಿತ್ತು? ಎಂಟೋ ಒಂಬತ್ತೋ ಇರಬೇಕು.

ಇನ್ನೊಂದು. ಈಗ ಕ್ವಾಲಿಫೈಯಿಂಗ್‌ನ ಎಲ್ಲ ಮ್ಯಾಚ್‌ಗಳೂ 19 ಫ್ರೇಮಿನವು (ಒಂದು ಫ್ರೇಮ್ ಅಂದರೆ ಒಂದು ಆಟ), ಮೊದಲು 10 ಗೆದ್ದವರು ಮುಂದೆ. ಎರಡು ಸೆಷನ್ ಆಡಬೇಕು. ವರ್ಷವಿಡೀ ಹೋಂ ನೇಷನ್ಸ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಹೆಸರಿನ) ಟೂರ್ನಿಗಳ ಮೊದಲ ಸುತ್ತುಗಳಲ್ಲಿ ನಾವು ನೋಡುವುದು 7 ಫ್ರೇಮಿನ ಮ್ಯಾಚ್. ಎರಡೂ ಒಂದೇ ಅಲ್ಲ. ಒಂದು ಫ್ರೇಮ್ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇರುವವನು 7 ಫ್ರೇಮಿನ ಮ್ಯಾಚನ್ನು ನೂರಕ್ಕೆ 71 ಸಲ ಗೆಲ್ಲುತ್ತಾನೆ. 19 ಫ್ರೇಮಿನದಾದರೆ 81 ಸಲ. ಉದ್ದ ಮ್ಯಾಚು ಚೆನ್ನಾಗಿ ಆಡುವವನ ಕಡೆ. ಅದಕ್ಕೇ 7 ಫ್ರೇಮಿನಲ್ಲಿ ಯಾರೋ ದೊಡ್ಡವರನ್ನು ಹೊಡೆದ ಅಂತ ಕುಣಿದು ಹೆಸರು ಬರೆಯಬೇಡಿ. ಶೂಟ್ ಔಟ್ ಅಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹತ್ತು ನಿಮಿಷದ ಒಂದೇ ಫ್ರೇಮು, ಅದಕ್ಕೆ ರ್‍ಯಾಂಕಿಂಗ್ ಟೂರ್ನಿ ಅಂತ ಹೆಸರು ಬೇರೆ! ಆ ಟೂರ್ನಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು, ಇರಲಿ.

ಠಾಣೆಯಿಂದ

ಇಷ್ಟೆಲ್ಲ ಲೆಕ್ಕ ಯಾರಿಗೆ ಬೇಕು ಅಕ್ಕಾ. ನಾನು 90ರ ದಶಕದಿಂದ ಜಿಮ್ಮಿ ವೈಟ್ ಅಭಿಮಾನಿ, ಚೀಟಿಯಲ್ಲಿ ಮೊದಲ ಹೆಸರು ಅವನದೇ. ಅವನು ಕ್ರೂಸಿಬಲ್‌ನಲ್ಲಿ ಕೊನೆಗೆ ಆಡಿದ್ದು 2006ರಲ್ಲಿ ಅಂತ ನನಗೂ ಗೊತ್ತು. ಬಿಡುವವನಲ್ಲ ನಾನು.

ಮುಲುಂಡ್‌ನಿಂದ

ಠಾಣೆಯವರನ್ನು ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ ಡೊಂಬಿವಿಲಿಯವರೇ, ನಿಮ್ಮ ತಿಂಡಿ ಖರ್ಚು ಉಳಿಯುತ್ತದೆ.

ವಾಸ್ಕೋದಿಂದ

ನಾನು ಗದಗದ ಕಡೆಯವನು, ಗೋವಾಕ್ಕೆ ಬಂದು 14 ವರ್ಷ ಆಯಿತು. ಪುಣೆ ಅಕ್ಕನವರ ಲೆಕ್ಕ ಸರಿ ಅದ. ಆದರೆ ಆ 70, 60 ಅನ್ನುವ ಅಂಕಿ ಎಲ್ಲಿಂದ ತರುತ್ತೀರಿ? ತೊಂದರೆ ಅಲ್ಲಿಯೇ ಇರುವುದು. ರ್‍ಯಾಂಕಿಂಗ್ ಅಂದರೆ ಎರಡು ವರ್ಷದಲ್ಲಿ ಗೆದ್ದ ಬಹುಮಾನದ ದುಡ್ಡಿನ ಮೊತ್ತ, ಬೇರೇನಲ್ಲ. ಒಂದು ದೊಡ್ಡ ಟೂರ್ನಿಯಲ್ಲಿ ಒಂದು ವಾರ ಚೆನ್ನಾಗಿ ಆಡಿದರೆ ಸಾಕು, ಆಮೇಲೆ ಏನೂ ಗೆಲ್ಲದಿದ್ದರೂ ಎರಡು ವರ್ಷ ಮೇಲೆಯೇ ಕೂತಿರಬಹುದು. 2024ರಲ್ಲಿ ಸೌದಿಯ ಟೂರ್ನಿ ಗೆದ್ದವನಿಗೆ 5 ಲಕ್ಷ ಪೌಂಡ್ ಕೊಟ್ಟರು, ವರ್ಲ್ಡ್ ಚಾಂಪಿಯನ್‌ಗೆ ಕೊಡುವಷ್ಟೇ. ಅದಕ್ಕೆ ನಾನು ಎರಡು ವರ್ಷದ ಪಟ್ಟಿ ಬಿಟ್ಟು ಈ ಒಂದು ಸೀಸನ್‌ನಲ್ಲಿ ಗಳಿಸಿದ್ದರ ಪಟ್ಟಿ ನೋಡುತ್ತೇನೆ. ಎರಡನ್ನೂ ಪಕ್ಕದಲ್ಲಿಟ್ಟರೆ ಯಾರು ಏರುತ್ತಿದ್ದಾರೆ, ಯಾರು ಹಳೆಯ ದುಡ್ಡಿನ ಮೇಲೆ ಕೂತಿದ್ದಾರೆ ಅಂತ ಕಾಣುತ್ತದೆ.

ಇನ್ನೊಂದು ಮಾತು, ನಗಬೇಡಿ. ನಮ್ಮ ಟೇಬಲ್ ನೋಡಿ ಅಲ್ಲಿಯ ಆಟ ಅಳೆಯಬೇಡಿ. ಇಲ್ಲಿ ಜುಲೈಯಲ್ಲಿ ಬಟ್ಟೆ ತೇವ ಹಿಡಿದು ಚೆಂಡು ಎಮ್ಮೆ ಹಾಗೆ ಹೋಗುತ್ತದೆ, ಕುಶನ್ ಸತ್ತಿರುತ್ತದೆ, ಟೇಬಲ್ ನೋಡಿಕೊಳ್ಳುವ ಮಾರ್ಕರ್ ಬಂದು ಇಸ್ತ್ರಿ ಹಾಕಿದರೂ ಅರ್ಧ ಗಂಟೆ ಅಷ್ಟೇ. ಜೋರಾಗಿ ಹೊಡೆಯುವವನೇ ದೊಡ್ಡ ಆಟಗಾರ ಅಂತ ನಮಗೆ ಅಭ್ಯಾಸ ಆಗಿದೆ. ಪ್ರೊಫೆಶನಲ್ ಟೇಬಲ್‌ಗೆ ಕೆಳಗಿನಿಂದ ಬಿಸಿ ಕೊಡುತ್ತಾರೆ, ಬಟ್ಟೆ ತೆಳು, ಚೆಂಡು ಜಾರುತ್ತದೆ. ಅಲ್ಲಿ 19 ಫ್ರೇಮ್ ಉಳಿಯುವವನು ಸೇಫ್ಟಿ (ಎದುರಾಳಿಗೆ ಸುಲಭದ ಹೊಡೆತ ಬಿಡದ ಆಟ) ಗೊತ್ತಿರುವವನು. ನಾನು ಎರಡು ವರ್ಷ ಬರೀ ದೂರದಿಂದ ಲಾಂಗ್ ಪಾಟ್ ಹೊಡೆಯುವ ಹುಡುಗರ ಹೆಸರು ಬರೆದು ಮೂಗು ಕೊಯ್ಸಿಕೊಂಡೆ.

ಮತ್ತೆ, ದುಡ್ಡು ಕಟ್ಟುವುದಿಲ್ಲ ಅಂದಿರಲ್ಲ, ಬಹಳ ಚಲೋ. ನಾನು ಒಮ್ಮೆ ಯಾವುದೋ ಆ್ಯಪ್‌ನಲ್ಲಿ ಕಟ್ಟಿ ಗೆದ್ದೆ ಕೂಡ. ತೆಗೆಯಲು ಹೋದರೆ ದುಡ್ಡು ಬರಲೇ ಇಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಡೊಂಬಿವಿಲಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ಮುಲುಂಡ್ ಸರ್, ಹಳೆಯ ಚೀಟಿ ತೆಗೆದು ನೋಡಿದೆ. ಒಂದೇ ಗುಂಪಿನಲ್ಲಿ ಇಬ್ಬಿಬ್ಬರು ಹೀಗೆ ನಾಲ್ಕು ಕಡೆ ಇದ್ದಾರೆ! ನಾಲ್ಕು ಹೆಸರು ಸುಮ್ನೆ ದಂಡ. ಪುಣೆ ಮೇಡಂ, ಗೆದ್ದವರಿಗೆ ಬಂದದ್ದು ಒಂಬತ್ತು, ನೀವು ಹೇಳಿದ ಹಾಗೇ. ಎರಡು ಅನುಮಾನ ಉಳಿದಿವೆ. ಮೊದಲ 16ರಿಂದ ಜಾರಿ ಕೆಳಗೆ ಬಂದ ದೊಡ್ಡ ಹೆಸರುಗಳನ್ನು ಕಣ್ಣು ಮುಚ್ಚಿ ಬರೆಯಬಹುದಾ? ಕೆಳಗಿನ 64ರಿಂದ ಯಾರನ್ನಾದರೂ ಬರೆಯುವುದು ಹುಚ್ಚಾ?

ಮುಲುಂಡ್‌ನಿಂದ

ಮೊದಲನೆಯದಕ್ಕೆ: ಕಣ್ಣು ತೆರೆದು ಬರೆಯಿರಿ. 2024ರಲ್ಲಿ ನೀಲ್ ರಾಬರ್ಟ್‌ಸನ್, 2010ರ ಚಾಂಪಿಯನ್, ಮೊದಲ 16ರಿಂದ ಹೊರಬಿದ್ದು ಕ್ವಾಲಿಫೈಯಿಂಗ್ ಆಡಬೇಕಾಯಿತು. ನಮ್ಮಲ್ಲಿ ಎಲ್ಲರ ಚೀಟಿಯಲ್ಲೂ ಅವನಿದ್ದ. ಕೊನೆಯ ಸುತ್ತಿನಲ್ಲಿ ಜೇಮಿ ಜೋನ್ಸ್ ಕೈಯಲ್ಲಿ 10-9ರಿಂದ ಸೋತ. ಅಲ್ಲಿ ಸಂಜೆ 7 ಅಂದರೆ ನಮಗೆ ರಾತ್ರಿ 11:30, ಆ ಕೊನೆಯ ಸುತ್ತಿನ ದಿನಗಳಲ್ಲಿ ನಾನು ಸ್ಕೋರ್ ನೋಡುತ್ತಾ ಕೂತರೆ ಹೆಂಡತಿ ಹಾಲ್‌ನ ದೀಪ ಆರಿಸಿ ಹೋಗುತ್ತಾಳೆ. ಆ ಸುತ್ತಿಗೆ ಅವರೇ ಇಟ್ಟ ಹೆಸರು ಜಡ್ಜ್‌ಮೆಂಟ್ ಡೇ, ಸುಮ್ನೆ ಇಟ್ಟದ್ದಲ್ಲ. ಕ್ರೂಸಿಬಲ್‌ನಲ್ಲಿ ಎರಡೇ ಟೇಬಲ್, ತುಂಬಿದ ಜನ. ಕ್ವಾಲಿಫೈಯಿಂಗ್‌ನಲ್ಲಿ ಸಾಲಾಗಿ ಟೇಬಲ್ ಹಾಕಿರುತ್ತಾರೆ, ನೋಡುವವರು ಬೆರಳೆಣಿಕೆ, ಪಕ್ಕದ ಟೇಬಲ್‌ನ ಚಪ್ಪಾಳೆ ಕೇಳುತ್ತದೆ. ದೊಡ್ಡವರಿಗೆ ಇದು ಒಗ್ಗುವುದಿಲ್ಲ ಅಂತ ನನ್ನ ಅನಿಸಿಕೆ. ಆದರೂ ಬೇರೆ ಕಾರಣ ಕಾಣದಿದ್ದರೆ ನಾನು ಅವರನ್ನೇ ಬರೆಯುತ್ತೇನೆ. ಡಿಂಗ್ ಜುನ್‌ಹುಯಿ 2016ರಲ್ಲಿ ಹೀಗೇ ಕೆಳಗಿನಿಂದ ಬಂದು ಫೈನಲ್‌ವರೆಗೆ ಹೋದವನು.

ಎರಡನೆಯದಕ್ಕೆ ನನ್ನ ಕಥೆಯೇ ಉತ್ತರ. 2025ರಲ್ಲಿ ಝಾವೋ ಶಿಂಟಾಂಗ್. 2021ರ ಯುಕೆ ಚಾಂಪಿಯನ್ ಅವನು, ಬೆಟ್ಟಿಂಗ್ ಪ್ರಕರಣದಲ್ಲಿ 20 ತಿಂಗಳು ನಿಷೇಧ ಆಗಿ ವಾಪಸ್ ಬಂದಿದ್ದ. ಪ್ರೊ ಕಾರ್ಡ್ (ಪ್ರೊಫೆಶನಲ್ ಟೂರ್‌ನಲ್ಲಿ ಆಡುವ ಹಕ್ಕು) ಇಲ್ಲ, ಅಮೆಚೂರ್ ಅಂತ ಮೊದಲ ಸುತ್ತಿನಿಂದ ಆಡಬೇಕಾಯಿತು. ನಾನು ಗುಂಪು ನೋಡಿದೆ, ರ್‍ಯಾಂಕಿಂಗ್ ಪಟ್ಟಿಯಲ್ಲಿ ಹೆಸರಿಲ್ಲ, ನಾಲ್ಕು ಮ್ಯಾಚ್ ಬೇಕು, ಬಿಟ್ಟೆ. ಅವನು ನಾಲ್ಕೂ ಗೆದ್ದು, ಕ್ರೂಸಿಬಲ್‌ಗೆ ಹೋಗಿ, ಸೆಮಿಯಲ್ಲಿ ಓ'ಸಲಿವನ್‌ನನ್ನು 17-7ರಿಂದ, ಫೈನಲ್‌ನಲ್ಲಿ ಮಾರ್ಕ್ ವಿಲಿಯಮ್ಸ್‌ನನ್ನು 18-12ರಿಂದ ಹೊಡೆದು ಕಪ್ಪೇ ಎತ್ತಿದ! ನಮ್ಮ ಗುಂಪಿನಲ್ಲಿ ಅವನ ಹೆಸರು ಬರೆದವನು ಒಬ್ಬನೇ, ಕಾಲೇಜು ಹುಡುಗ.

ಪುಣೆಯಿಂದ, ಮೂಲ ಹುಬ್ಬಳ್ಳಿ

ಝಾವೋ ಹೆಸರು ನಾನು ಬರೆದಿದ್ದೆ ಸರ್. (ಹೇಳಿಕೊಳ್ಳಲು ಇಷ್ಟು ದಿನ ಕಾದಿದ್ದೆ!) ಅವನಿಗೆ ಪ್ರತಿ ಮ್ಯಾಚಿಗೂ 80 ಕೊಟ್ಟಿದ್ದೆ, ನಾಲ್ಕು ಸಲ ಗುಣಿಸಿದರೆ 41. ಅದೇ ಗುಂಪಿನ ಸೀಡ್‌ಗಳು ಅವನನ್ನು ದಾಟಿಯೇ ಬರಬೇಕಿತ್ತು, ಅವರಿಗೆ ಅಷ್ಟು ಸಿಗಲಿಲ್ಲ. ನನ್ನ ನಿಯಮ ಇಷ್ಟೇ: ಕೆಳಗಿನವನ ರ್‍ಯಾಂಕ್ ಯಾಕೆ ಕೆಳಗಿದೆ ಅಂತ ಕೇಳಿ. ಆಟ ಅಷ್ಟೇ ಇರುವುದರಿಂದಲೋ, ಅಥವಾ ಆಡದೇ ಇದ್ದದ್ದರಿಂದಲೋ? ನಿಷೇಧ, ಕಾಯಿಲೆ, ಈಗಷ್ಟೇ ಟೂರ್‌ಗೆ ಬಂದವರು, ಇವರ ಅಂಕಿ ನಿಜ ಹೇಳುವುದಿಲ್ಲ. ಅಂಥವರು ವರ್ಷಕ್ಕೆ ಒಬ್ಬರೋ ಇಬ್ಬರೋ. 16ರಲ್ಲಿ ಎರಡಕ್ಕಿಂತ ಜಾಸ್ತಿ ಸಾಹಸ ಬೇಡ.

ವಾಸ್ಕೋದಿಂದ

ಒಂದು ಬಿಟ್ಟಿರಿ. ರ್‍ಯಾಂಕ್ 64ರ ಆಚೀಚೆ ಇರುವವರನ್ನು ನೋಡಿ. ಸೀಸನ್ ಮುಗಿದಾಗ ಮೊದಲ 64ರಲ್ಲಿ ಇರಬೇಕು, ಇಲ್ಲದಿದ್ದರೆ ಎರಡು ವರ್ಷದ ಕಾರ್ಡ್ ಮುಗಿದವರ ಹೊಟ್ಟೆಪಾಡೇ ಹೋಗುತ್ತದೆ. ಅವರು ಜೀವ ಬಿಟ್ಟು ಆಡುತ್ತಾರೆ. ನಾನು ಅಂಥವರಲ್ಲಿ ಒಬ್ಬನನ್ನು ಬರೆದೇ ಬರೆಯುತ್ತೇನೆ.

ಪುಣೆಯಿಂದ, ಮೂಲ ಹುಬ್ಬಳ್ಳಿ

ಅಣ್ಣಾ, ಜೀವ ಬಿಟ್ಟು ಆಡುವವರಲ್ಲಿ ಅರ್ಧ ಜನಕ್ಕೆ ಕೈ ನಡುಗುತ್ತದೆ. ನಾನು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ದೇಶದವನು ಅಂತ ಬರೆಯುವುದೂ ಹಾಗೇ. ಮುಂಬೈ ಹುಡುಗ ಇಷ್ಪ್ರೀತ್ ಚಡ್ಢಾ ಟೂರ್‌ನಲ್ಲಿದ್ದಾನೆ, ಅವನ ಮ್ಯಾಚ್ ಇದ್ದರೆ ಮೀಟಿಂಗ್ ಬಿಟ್ಟು ನೋಡುತ್ತೇನೆ. ಚೀಟಿಯಲ್ಲಿ ಬರೆಯುವಾಗ ಮಾತ್ರ ಬೇರೆಯವರಿಗೆ ಹಾಕುವ ಲೆಕ್ಕವೇ ಅವನಿಗೂ.

ವಾಸ್ಕೋದಿಂದ

ನಾನು ಅವನನ್ನು ಬರೆಯುತ್ತೇನೆ. ಲೆಕ್ಕ ಮನೆಯಲ್ಲಿಟ್ಟು ಬರೆಯುತ್ತೇನೆ.

ಡೊಂಬಿವಿಲಿಯಿಂದ

ಸರಿ. ಡ್ರಾ ಬಂದ ದಿನ ಪ್ರಿಂಟ್ ತೆಗೆದು ಹದಿನಾರು ತುಂಡು ಮಾಡುತ್ತೇನೆ. ಹದಿನಾಲ್ಕು ಗುಂಪಿಗೆ ಮೇಲಿನ ಇಬ್ಬರಲ್ಲಿ ಒಬ್ಬ, ಆರಿಸುವುದು ಈ ಸೀಸನ್ ಪಟ್ಟಿ ನೋಡಿ. ಎರಡು ಗುಂಪಿಗೆ ಸಾಹಸ. ನಮ್ಮ ಗುಂಪಿನವರಿಗೆ ಇದನ್ನು ತೋರಿಸುವುದಿಲ್ಲ, ನೀವೂ ಹೇಳಬೇಡಿ. ಠಾಣೆ ಅಣ್ಣಾ, ಶನಿವಾರ ಏಳು ಗಂಟೆಗೆ ಬರುತ್ತೀರಾ? ಒಂಬತ್ತನೆಯವರಾಗಿ ನಿಮ್ಮ ಹೆಸರು ಕೊಟ್ಟಿದ್ದೇನೆ.

ಠಾಣೆಯಿಂದ

ಬರುತ್ತೇನೆ. ತಿಂಡಿ ಯಾವ ಹೋಟೆಲಲ್ಲಿ ಅಂತ ಈಗಲೇ ಹೇಳಿಬಿಡಿ, ಒಂಬತ್ತು ಜನಕ್ಕೆ ದುಡ್ಡು ಹೊಂದಿಸಬೇಕಲ್ಲ.