ಹಳೆ ಬಾಕಿಗೆ ನಾಳೆಯೇ ಬ್ಯಾಂಕ್ ಖಾತೆ ಸೀಲ್ ಮಾಡುತ್ತಾರಾ?

ಡೊಂಬಿವಲಿಯಿಂದ ಪ್ರಶ್ನೆ:
ನಮಸ್ಕಾರ ಸರ್. ನಾನು ಅಂಧೇರಿಯಲ್ಲಿ ಒಬ್ಬ ಕ್ಯಾಂಟೀನ್ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ತಿಂಗಳು ತಿಂಗಳು ಸಂಬಳದಲ್ಲಿ ಟಿಡಿಎಸ್ (ಮಾಲೀಕರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ) ಹಿಡಿಯುತ್ತಿದ್ದರು. ಈಗ ಆ ಕ್ಯಾಂಟೀನ್ ಮುಚ್ಚಿದೆ, ಮಾಲೀಕರು ಫೋನ್ ಎತ್ತುವುದಿಲ್ಲ. 2022-23ರ ಅಸೆಸ್‌ಮೆಂಟ್ ವರ್ಷಕ್ಕೆ (ಅಂದರೆ 2021-22ರ ಸಂಬಳಕ್ಕೆ) 38,400 ರೂಪಾಯಿ ಬಾಕಿ ಅಂತ ಇನ್‌ಕಮ್ ಟ್ಯಾಕ್ಸ್‌ನಿಂದ ಈಮೇಲ್ ಬಂದಿದೆ. ಒಬ್ಬ ಏಜೆಂಟ್ "ಹತ್ತು ಸಾವಿರ ಕೊಡಿ, ಚರ್ಚ್‌ಗೇಟ್ ಆಫೀಸಿನಲ್ಲಿ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ನಾಳೆಯೇ ಖಾತೆ ಸೀಲ್" ಅನ್ನುತ್ತಿದ್ದಾನೆ. ಮನೆಯ ಇಎಂಐ ಹೋಗುವುದು ಅದೇ ಖಾತೆಯಿಂದ. ಎರಡು ದಿನದಿಂದ ನಿದ್ದೆ ಇಲ್ಲ.

ಸಿಎ ಉತ್ತರ:
ಏಜೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಈಮೇಲ್ ನಿಜವೇ ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಲ್ಲಿ ಡಿಐಎನ್ ಅಂತ ಒಂದು ನಂಬರ್ ಇರುತ್ತದೆ. ಇಲಾಖೆಯ ವೆಬ್‌ಸೈಟಿನಲ್ಲಿ, ಅಂದರೆ ಪೋರ್ಟಲ್‌ನಲ್ಲಿ, ಲಾಗಿನ್ ಇಲ್ಲದೆಯೇ ಅದನ್ನು ಹಾಕಿ ಪರೀಕ್ಷಿಸಬಹುದು.

ಈಗ ಖಾತೆಯ ವಿಷಯ. ನಿಮ್ಮ ಬ್ಯಾಂಕಿನಿಂದ ನೇರವಾಗಿ ಹಣ ತೆಗೆದುಕೊಳ್ಳುವ ಅಧಿಕಾರ ಇಲಾಖೆಗೆ ಇದೆ, ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಡಿಮಾಂಡ್ ನೋಟಿಸ್ ಕೊಟ್ಟು 30 ದಿನ ಕಾಯುತ್ತಾರೆ, ಆಮೇಲೆ ಬಾಕಿದಾರ ಅಂತ ಲೆಕ್ಕ, ತಿಂಗಳಿಗೆ ಶೇಕಡಾ 1ರಂತೆ ಬಡ್ಡಿಯೂ ಬೀಳುತ್ತದೆ. ಆದರೆ ನಿಮ್ಮ ಕೇಸಿನಲ್ಲಿ ಇನ್ನೊಂದು ಮಾತಿದೆ, ಇದನ್ನು ದಯವಿಟ್ಟು ಎರಡು ಸಲ ಓದಿ. 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಪ್ರಕಾರ, ಸಂಬಳದಲ್ಲಿ ಒಮ್ಮೆ ತೆರಿಗೆ ಹಿಡಿದ ಮೇಲೆ ಅಷ್ಟು ಹಣವನ್ನು ಮತ್ತೆ ನಿಮ್ಮಿಂದ ಕೇಳುವಂತಿಲ್ಲ. ಮಾಲೀಕ ಕಟ್ಟದೆ ಉಳಿಸಿಕೊಂಡರೆ ಇಲಾಖೆ ಅವನನ್ನು ಹಿಡಿಯಬೇಕು. ನಿಮ್ಮ ಸಂಬಳದಲ್ಲಿ ಹಿಡಿದ ಆ ವರ್ಷ ಅಂಥವರಿಗೆ ಅದೇ ಕಾಯ್ದೆಯಲ್ಲಿ 3 ತಿಂಗಳಿಂದ 7 ವರ್ಷದವರೆಗೆ ಜೈಲು ಇತ್ತು. ನಮ್ಮ ಬಾಂಬೆ ಹೈಕೋರ್ಟ್ 2007ರಲ್ಲೇ ಸಂಬಳದ ಟಿಡಿಎಸ್ ಬಗ್ಗೆ ಇದನ್ನೇ ಹೇಳಿದೆ. 2015ರಲ್ಲಿ ನೇರ ತೆರಿಗೆ ಮಂಡಳಿ ಕೂಡ, ಇಂಥ ಬಾಕಿಯನ್ನು ಬಲವಂತವಾಗಿ ವಸೂಲಿ ಮಾಡಬೇಡಿ ಅಂತ ತನ್ನ ಅಧಿಕಾರಿಗಳಿಗೆ ಬರೆದಿದೆ.

ಆದರೆ ಟಿಡಿಎಸ್ ಹಿಡಿದಿದ್ದಾರೆ ಅನ್ನುವುದನ್ನು ನೀವೇ ತೋರಿಸಬೇಕು. ಇಲಾಖೆಯ ಕಂಪ್ಯೂಟರಿಗೆ ಗೊತ್ತಿರುವುದು 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮಾತ್ರ, ಅಲ್ಲಿ ನಿಮ್ಮ ಟಿಡಿಎಸ್ ಇಲ್ಲ, ಅದಕ್ಕೇ ಬಾಕಿ ತೋರಿಸುತ್ತಿದೆ. ಪೋರ್ಟಲ್‌ನ ಬಾಕಿ ಡಿಮಾಂಡ್ ಪುಟದಲ್ಲಿ "ಒಪ್ಪುವುದಿಲ್ಲ" ಅಂತ ಆರಿಸಿ, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿ. ನಿಮ್ಮ ತೆರಿಗೆ ಲೆಕ್ಕ ನೋಡುವ ಅಸೆಸಿಂಗ್ ಆಫೀಸರಿಗೂ 205ರ ಹೆಸರು ಹೇಳಿ ಒಂದು ಪತ್ರ ಬರೆಯಿರಿ. ಸುಮ್ನೆ ಕೂತರೆ ಮಾತ್ರ ಕಷ್ಟ.

ಮುಲುಂಡ್‌ನಿಂದ ಒಬ್ಬ ಅಕ್ಕ:
ಈ ವರ್ಷದ ನನ್ನ ರಿಫಂಡ್ ಬಂದಿಲ್ಲ. ಹಳೆ ಬಾಕಿಗೆ ಅದನ್ನೂ ಹಿಡಿಯುತ್ತಾರಾ?

ಸಿಎ:
ಹೌದು ಅಕ್ಕ, ಹಿಡಿಯಬಹುದು. ಆದರೆ ಮೊದಲು ತಿಳಿಸಬೇಕು, ಉತ್ತರಕ್ಕೆ 21 ದಿನ ಕೊಡುತ್ತಾರೆ. ಆ ಮೆಸೇಜು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ, ನೋಡಿ.

ಠಾಣೆಯಿಂದ:
ಅಣ್ಣ, ನಮ್ಮ ಪಕ್ಕದ ಹೋಟೆಲಿಗೆ ಆಫೀಸರುಗಳು ಬಂದು ಗಲ್ಲಾ ಪೆಟ್ಟಿಗೆ ಎಣಿಸಿದರು. ಆ ದುಡ್ಡು ತೆಗೆದುಕೊಂಡು ಹೋಗಬಹುದಾ?

ಸಿಎ:
ಯಾರು ಬಂದರು ಅನ್ನುವುದು ಮುಖ್ಯ. ಜಿಎಸ್‌ಟಿಯವರು ಬೇರೆ, ಇನ್‌ಕಮ್ ಟ್ಯಾಕ್ಸ್‌ನವರು ಬೇರೆ. ಗುರುತಿನ ಚೀಟಿ ಮತ್ತು ಪತ್ರ ಕೇಳಿ ಓದಿ, ಅದು ನಿಮ್ಮ ಹಕ್ಕು.

ಇನ್‌ಕಮ್ ಟ್ಯಾಕ್ಸ್‌ನವರು ಸರ್ವೆಗೆ, ಅಂದರೆ ಅಂಗಡಿಗೇ ಬಂದು ಲೆಕ್ಕ ಪರಿಶೀಲಿಸಲು, ಬಂದಿದ್ದರೆ ಅಂಗಡಿ ತೆರೆದಿರುವ ಹೊತ್ತಿಗೆ ಬರಬೇಕು. ನಗದು, ಸರಕು ಎಣಿಸಬಹುದು, ಹೇಳಿಕೆ ಬರೆದುಕೊಳ್ಳಬಹುದು, ಕಾರಣ ಬರೆದಿಟ್ಟು ಲೆಕ್ಕದ ಪುಸ್ತಕ ಒಯ್ಯಬಹುದು. ರಜೆ ಬಿಟ್ಟು 15 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ಮೇಲಿನವರ ಒಪ್ಪಿಗೆ ಬೇಕು. ಸರ್ವೆಯಲ್ಲಿ ನಗದು ಒಯ್ಯುವಂತಿಲ್ಲ. ಜನ ಎರಡಕ್ಕೂ "ರೇಡ್" ಅಂತಾರೆ, ಆದರೆ ರೇಡ್ ಅಂದರೆ ಸರ್ಚ್. ಅದಕ್ಕೆ ವಾರಂಟ್ ಬೇಕು. ಅದರಲ್ಲಿ ಬೀಗ ಒಡೆಯಬಹುದು, ಲೆಕ್ಕವಿಲ್ಲದ ನಗದು, ಒಡವೆ ಜಪ್ತಿ ಮಾಡಬಹುದು. ಆಗಲೂ ಮನೆಯ ಚಿನ್ನದಲ್ಲಿ ಮದುವೆಯಾದ ಹೆಂಗಸಿಗೆ 500 ಗ್ರಾಂ, ಮದುವೆಯಾಗದ ಹೆಣ್ಣುಮಗಳಿಗೆ 250, ಗಂಡಸಿಗೆ 100 ಗ್ರಾಂ ಮುಟ್ಟಬಾರದು ಅಂತ 1994ರ ಸೂಚನೆ ಇದೆ.

ಡೊಂಬಿವಲಿಯಿಂದ:
ಸರ್, ಡಿಐಎನ್ ಹಾಕಿ ನೋಡಿದೆ, ನೋಟಿಸ್ ನಿಜವೇ. ಏಜೆಂಟಿಗೆ ಬೇಡ ಅಂದೆ. 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ 11 ಪೇ ಸ್ಲಿಪ್ ಸಿಕ್ಕಿವೆ, ಆಗಸ್ಟ್‌ದು ಮಾತ್ರ ಇಲ್ಲ.

ಸಿಎ:
ಒಳ್ಳೆಯ ಕೆಲಸ ಮಾಡಿದಿರಿ. ಆಗಸ್ಟ್‌ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಕೈಗೆ ಬಂದ ಸಂಬಳ ಜುಲೈ, ಸೆಪ್ಟೆಂಬರ್‌ನಷ್ಟೇ ಇದ್ದರೆ ಆ ತಿಂಗಳೂ ಟಿಡಿಎಸ್ ಹಿಡಿದಿದ್ದಾರೆ ಅಂತ ವಾದಿಸಬಹುದು, ಪತ್ರದಲ್ಲಿ ಇದನ್ನು ಬಿಡಿಸಿ ಬರೆಯಿರಿ. ಪತ್ರ ಕಳಿಸುವ ಮೊದಲು ಇಲ್ಲಿ ಹಾಕಿ, ಪ್ಯಾನ್ ನಂಬರ್ ಮುಚ್ಚಿ. ಇವತ್ತು ರಾತ್ರಿಯೇ ನೋಡಿ ಹೇಳುತ್ತೇನೆ.