ಸ್ನಾಯುವಿಗೆ ಇಳಿದ ಮೂತ್ರಕೋಶದ ಕ್ಯಾನ್ಸರ್: ಮೊದಲು ಕೀಮೋವೋ, ಆಪರೇಷನ್ನೋ?

ಅಘನಾಶಿನಿ_ದಂಡೆ, ಕುಮಟಾ
ದೊಡ್ಡಪ್ಪನಿಗೆ 66 ವರ್ಷ, ತೂಕ 58 ಕೆಜಿ. ಮೂತ್ರದಲ್ಲಿ ರಕ್ತ ಬಂದಿದ್ದಕ್ಕೆ ದುರ್ಬೀನು ಹಾಕಿ ಗಡ್ಡೆ ಕೆರೆದು ತೆಗೆದಿದ್ದಾರೆ. ಬಯಾಪ್ಸಿ: ಹೈ ಗ್ರೇಡ್ ಯುರೋಥೀಲಿಯಲ್ ಕಾರ್ಸಿನೋಮಾ (ಮೂತ್ರಕೋಶದ ಒಳಪದರದ, ವೇಗವಾಗಿ ಬೆಳೆಯುವ ಕ್ಯಾನ್ಸರ್), ಸ್ನಾಯುವಿಗೆ ಇಳಿದಿದೆ. ಸಿಟಿಯಲ್ಲಿ ಎಡ ಕಿಡ್ನಿ ಬಾತಿದೆ, ದುಗ್ಧಗ್ರಂಥಿ ದೊಡ್ಡದಾಗಿಲ್ಲ. ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆ) 1.7. ಒಬ್ಬ ಡಾಕ್ಟರು ನೇರ ಆಪರೇಷನ್ ಮಾಡಿ ಮೂತ್ರಕೋಶ ತೆಗೆಯೋಣ ಅನ್ನುತ್ತಾರೆ, ಇನ್ನೊಬ್ಬರು ಮೊದಲು ಕೀಮೋ ಅನ್ನುತ್ತಾರೆ. ಯಾರ ಮಾತು ಕೇಳುವುದು? ಬೀಡಿ ಇನ್ನೂ ಬಿಟ್ಟಿಲ್ಲ.

ಯುರೋ_ಆಂಕೊ
ಇಬ್ಬರೂ ತಪ್ಪು ಹೇಳಿಲ್ಲ. ಅದಕ್ಕೂ ಮೊದಲಿನ ಕೆಲಸವೊಂದು ಬಾಕಿ ಇದೆ: ಎಡ ಕಿಡ್ನಿಯ ಮೂತ್ರಕ್ಕೆ ದಾರಿ ಮಾಡುವುದು.

ಆಪರೇಷನ್‌ಗೆ ಮೊದಲು ಸಿಸ್‌ಪ್ಲಾಟಿನ್ ಇರುವ ಕೀಮೋ ಕೊಟ್ಟರೆ ಐದು ವರ್ಷ ಬದುಕುಳಿಯುವವರು ನೂರಕ್ಕೆ 5ರಿಂದ 8 ಮಂದಿ ಹೆಚ್ಚುತ್ತಾರೆ. ಆದರೆ ಅದನ್ನು ತಾಳಿಕೊಳ್ಳುವ ಕಿಡ್ನಿ ಬೇಕು. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 × ಕ್ರಿಯಾಟಿನಿನ್‌ನಿಂದ ಭಾಗಿಸಿ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂಬ ಅಂದಾಜು ಅದು. ಇವರಿಗೆ 35 ಬರುತ್ತದೆ. ಬೇಕಾದದ್ದು 60, 50ರ ಮೇಲಿದ್ದರೆ ಡೋಸನ್ನು ಎರಡು ದಿನಕ್ಕೆ ಹಂಚಿ ಕೊಡುವುದುಂಟು. ಬೆನ್ನಿನಿಂದ ಕಿಡ್ನಿಗೆ ನಳಿಗೆ (ಪಿಸಿಎನ್) ಹಾಕಿದ ಮೇಲೆ ಕ್ರಿಯಾಟಿನಿನ್ 1.1ಕ್ಕೆ ಇಳಿದರೆ ಇದೇ ಲೆಕ್ಕ 54 ಆಗುತ್ತದೆ. ಒಳಗಿನಿಂದ ಸ್ಟೆಂಟ್ ಹಾಕಲು ಹೋದರೆ ಗಡ್ಡೆಯ ನಡುವೆ ಕಿಡ್ನಿಯಿಂದ ಬರುವ ನಾಳದ ಬಾಯಿ ಸಿಗದೇ ಹೋಗಬಹುದು.

ಕಿವಿ ಮಂದ, ಕೈಕಾಲು ಜೋಮು, ಹೃದಯದ ವೈಫಲ್ಯ ಇದ್ದರೂ ಸಿಸ್‌ಪ್ಲಾಟಿನ್ ಕಷ್ಟ. ಆಗ ಕಾರ್ಬೋಪ್ಲಾಟಿನ್ ಎಂಬ ಬದಲಿ ಕೀಮೋ ಕೊಟ್ಟು ತಿಂಗಳು ಕಳೆಯುವುದಕ್ಕಿಂತ ನೇರ ಆಪರೇಷನ್ನೇ ಸರಿ. ಕೀಮೋ ಇಲ್ಲದೆ ಹೋಗುವುದಾದರೆ ರೋಗ ಗೊತ್ತಾದ ದಿನದಿಂದ ಮೂರು ತಿಂಗಳು ದಾಟಿಸಬೇಡಿ. ದಾಟಿದವರಲ್ಲಿ ಸಾವು ಹೆಚ್ಚು.

ಬಯಾಪ್ಸಿಯ ಬ್ಲಾಕ್ (ತುಣುಕನ್ನು ಮೇಣದಲ್ಲಿ ಕೂಡಿಸಿಟ್ಟದ್ದು) ತರಿಸಿ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಸ್ಮಾಲ್ ಸೆಲ್ ಎಂಬ ಬೇಗ ಹರಡುವ ಬಗೆಯ ಅಂಶ ಕಂಡರೆ ಕೀಮೋವೇ ಮೊದಲು. ಬಾತ ಕಿಡ್ನಿ ಒಳ್ಳೆಯ ಲಕ್ಷಣವಲ್ಲ. ಗಡ್ಡೆ ಸಿಟಿಯಲ್ಲಿ ಕಂಡದ್ದಕ್ಕಿಂತ ಆಳಕ್ಕೆ ಹೋಗಿರುವ ಸಾಧ್ಯತೆ ಇದೆ.

ಬೀಡಿ ಇವತ್ತೇ ನಿಲ್ಲಬೇಕು. ಆಪರೇಷನ್ ನಂತರದ ನ್ಯುಮೋನಿಯಾಕ್ಕೂ ಗಾಯ ಮಾಯದಿರುವುದಕ್ಕೂ ಅದು ದಾರಿ.

ಘಟ್ಟದ_ಮೇಲಿನ_ನರ್ಸ್, ಶಿರಸಿ
ಕಾಗದದ ಮೇಲಿನ ಯೋಜನೆ ನಮ್ಮ ಜಿಲ್ಲೆಯಲ್ಲಿ ಕೆಡುವುದು ದಾರಿಯಲ್ಲಿ. ಮಣಿಪಾಲವೋ ಹುಬ್ಬಳ್ಳಿಯೋ ಮೊದಲೇ ನಿರ್ಧರಿಸಿ. ಕುಮಟಾದವರಿಗೆ ಮಳೆಗಾಲದಲ್ಲಿ ಘಟ್ಟ ಹತ್ತುವುದಕ್ಕಿಂತ ಉಡುಪಿಗೆ ರೈಲು ವಾಸಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರು ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿದ್ದು ಮರೆತಿಲ್ಲವಲ್ಲ.

ಕೀಮೋ ಆದ 7ರಿಂದ 14ನೇ ದಿನದಲ್ಲಿ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಜ್ವರ 100.4 ಫ್ಯಾರನ್‌ಹೀಟ್ ಆದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿ ಆಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಲಿ, ದೂರದ ಆಸ್ಪತ್ರೆಗೆ ಹೋಗುವುದು ಆಮೇಲೆ. ಕೀಮೋದ ಚೀಟಿಯ ನಕಲು ಜೊತೆಗಿರಲಿ. ಮುಂದಿನ ಸುತ್ತಿಗೆ ಹೊರಡುವ ಎರಡು ದಿನ ಮೊದಲು ಊರಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ಹೋಗಿ ಬರಿಗೈಲಿ ಬರುವುದು ತಪ್ಪುತ್ತದೆ.

ಬೆನ್ನಿನ ನಳಿಗೆಯಲ್ಲಿ ಮೂತ್ರ ಬರುವುದು ನಿಂತು ಚಳಿಜ್ವರ ಬಂದರೆ ಅದೂ ತುರ್ತು. ನೋವಿಗೆಂದು ಡೈಕ್ಲೋಫೆನಾಕ್ ಮಾತ್ರೆ ಬೇಡ, ಕಿಡ್ನಿಗೆ ಪೆಟ್ಟು. ಕ್ರಿಯಾಟಿನಿನ್ ಇಳಿಯುವವರೆಗೆ ಎಳನೀರು ಕುಡಿಸಬೇಡಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಅಘನಾಶಿನಿ_ದಂಡೆ
ಮೂತ್ರಕೋಶ ಉಳಿಸಿಕೊಂಡು ರೇಡಿಯೇಷನ್ ಆಗದೇ? ಮೂತ್ರಕ್ಕೆ ಹೊಟ್ಟೆಯ ಮೇಲೆ ಚೀಲ ಅಂದರೆ ದೊಡ್ಡಪ್ಪ ಹೆದರುತ್ತಾರೆ.

ಯುರೋ_ಆಂಕೊ
ಒಂದೇ ಗಡ್ಡೆ ಇದ್ದು, ಪೂರ್ತಿ ಕೆರೆದು ತೆಗೆದು, ಕಿಡ್ನಿ ಬಾತಿರದವರಿಗೆ ಅದು ಒಳ್ಳೆಯ ದಾರಿ: 64 ಗ್ರೇ (ರೇಡಿಯೇಷನ್ ಡೋಸಿನ ಅಳತೆ) 32 ಸಲಕ್ಕೆ ಅಥವಾ 55 ಗ್ರೇ 20 ಸಲಕ್ಕೆ, ಜೊತೆಗೆ ಕೀಮೋ, ಆಮೇಲೆ ಜೀವನಪೂರ್ತಿ ದುರ್ಬೀನು ಪರೀಕ್ಷೆ. ಇವರ ಕಿಡ್ನಿ ಬಾತಿರುವುದರಿಂದ ನಾನು ಆಪರೇಷನ್ ಕಡೆಗೇ ವಾಲುತ್ತೇನೆ. ನೀವು ಹೋಗುವ ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟಾಗುತ್ತವೆ ಎಂದು ಕೇಳಲು ಸಂಕೋಚ ಬೇಡ. 10ಕ್ಕಿಂತ ಕಡಿಮೆಯಾದರೆ ಬೇರೆ ಕಡೆ ನೋಡಿ, 20 ದಾಟಿದರೆ ಉತ್ತಮ.

ಘಟ್ಟದ_ಮೇಲಿನ_ನರ್ಸ್, ಶಿರಸಿ
ಚೀಲದ ಜಾಗವನ್ನು ಆಪರೇಷನ್ ಹಿಂದಿನ ದಿನವೇ ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಗುರುತು ಹಾಕಿಸಿ. ದೊಡ್ಡಪ್ಪ ಲುಂಗಿ ಉಟ್ಟುಕೊಂಡೇ ಹೋಗಲಿ. ಲುಂಗಿಯ ಗಂಟು ಬೀಳುವ ಸಾಲಿನಲ್ಲಿ ಮೂತ್ರದ ರಂಧ್ರ ಬಂದರೆ ಚೀಲ ಪದೇ ಪದೇ ಬಿಟ್ಟುಕೊಂಡು ಸೋರುತ್ತದೆ.