ಬ್ಲೌಸ್ ಹೊಲಿಗೆ, ಕುಚ್ಚಿನ ಕೆಲಸ ಮಾಡುವವರ ಕುತ್ತಿಗೆ, ಹೆಗಲು, ಮೇಲ್ಬೆನ್ನಿನ ನೋವು: ಏನು ಮಾಡಬೇಕು?

ದಾರದುಂಡೆ:
ಮನೆಯಲ್ಲೇ ಬ್ಲೌಸ್ ಹೊಲಿಗೆ, ಫಾಲ್, ಸೀರೆ ಕುಚ್ಚು. ಮದುವೆ ಸೀಸನ್ ಬಂದರೆ ದಿನಕ್ಕೆ ಏಳೆಂಟು ಗಂಟೆ ಕೂತೇ ಕೆಲಸ. ಎರಡೂ ರೆಕ್ಕೆಮೂಳೆಗಳ ನಡುವೆ ಉರಿ, ಕುತ್ತಿಗೆಯ ಎರಡೂ ಪಕ್ಕ ಬಿಗಿತ, ಸಂಜೆಯಾದರೆ ತಲೆಯ ಹಿಂಭಾಗಕ್ಕೂ ಹತ್ತುತ್ತದೆ. ಬಲ ಹೆಗಲು ಎಡಕ್ಕಿಂತ ಜಾಸ್ತಿ. ಕೈಗೆ ಜೋಮು ಇಲ್ಲ. ಎಕ್ಸ್‌ರೇಯಲ್ಲಿ "ಸರ್ವೈಕಲ್ ಸ್ಪಾಂಡಿಲೋಸಿಸ್, ಅಲ್ಪ ಸವೆತ" ಎಂದಿದೆ, ಅಂದರೆ ಕುತ್ತಿಗೆ ಮೂಳೆ ಸ್ವಲ್ಪ ಸವೆದಿದೆಯಂತೆ. ವಯಸ್ಸು 43, ಎತ್ತರ 5 ಅಡಿ 2 ಇಂಚು. ಕಾಲಲ್ಲಿ ತುಳಿಯುವ ಹಳೇ ಮೆಷಿನ್‌ಗೆ ಮೋಟರ್ ಹಾಕಿಸಿದೆ; ಟೇಬಲ್ 76 ಸೆಂ.ಮೀ., ಪ್ಲಾಸ್ಟಿಕ್ ಸ್ಟೂಲ್ 42 ಸೆಂ.ಮೀ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಒಂದು ರಾತ್ರಿ ಹಾಯೆನಿಸುತ್ತದೆ, ಮಾರನೇ ದಿನ ಮತ್ತದೇ. ಕುತ್ತಿಗೆಗೆ ಕಾಲರ್, ಬೆನ್ನು ನೆಟ್ಟಗಿಡುವ ಬೆಲ್ಟ್ ತಗೊಳ್ಳಲೇ? ಕೆಲಸ ಬಿಡಿ ಅಂತ ಮಾತ್ರ ಹೇಳಬೇಡಿ.

ಫಿಸಿಯೋ_ಹುಬ್ಬಳ್ಳಿ:
ಮೇಡಂ, ಜೋಮಿನ ವಿಷಯ ನೀವೇ ಬರೆದದ್ದು ಒಳ್ಳೆಯದಾಯಿತು. ಮುಂದೆಂದಾದರೂ ನೋವು ತೋಳಿನಲ್ಲಿ ಇಳಿದು ಹೆಬ್ಬೆರಳು, ತೋರುಬೆರಳು ಅಥವಾ ನಡುಬೆರಳು ಜೋಮು ಹಿಡಿದರೆ ನರ ಒತ್ತಿಕೊಂಡಿರಬಹುದು, ಡಾಕ್ಟರಿಗೆ ತೋರಿಸಿ. ಸೂಜಿಗೆ ದಾರ ಪೋಣಿಸಲು, ಹುಕ್ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಹಿಡಿತ ತಪ್ಪುವುದು ಶುರುವಾದರೆ ಅದೇ ದಿನ ಹೋಗಿ, ಬೆನ್ನುಹುರಿಯ ಮೇಲೆ ಒತ್ತಡ ಇರಬಹುದು. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಟಿಬಿಯನ್ನೂ ನೋಡಬೇಕಾಗುತ್ತದೆ. ಮೆಟ್ಟಿಲು ಹತ್ತಿದಾಗ ಹೆಗಲು, ದವಡೆ ನೋಯ್ದು ಬೆವರಿದರೆ ಅದನ್ನು ಹೊಲಿಗೆ ನೋವು ಅಂದುಕೊಂಡು ಕೂರಬೇಡಿ, ಇಸಿಜಿ ಮಾಡಿಸಿ.

ಇವು ಯಾವುವೂ ಇಲ್ಲದಿದ್ದರೆ ಎಕ್ಸ್‌ರೇಯ ಸಾಲಿಗೆ ಹೆದರಬೇಕಿಲ್ಲ. ನಲವತ್ತು ದಾಟಿದ, ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದೇ ಇರುತ್ತದೆ. ನೀವು ಹೇಳುವ ನೋವು ಹೆಚ್ಚಾಗಿ ಸ್ನಾಯುವಿನದು. ತಲೆಯ ತೂಕ ಸುಮಾರು 4.5ರಿಂದ 5 ಕೆ.ಜಿ. ಅದು ಮುಂದಕ್ಕೆ ಬಗ್ಗಿದಷ್ಟೂ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿದಿರಬೇಕು. ಸ್ನಾಯು ಬಿಡುವಿಲ್ಲದೆ ಬಿಗಿದೇ ಇದ್ದರೆ ಅದರೊಳಗೆ ರಕ್ತದ ಓಡಾಟ ತಗ್ಗುತ್ತದೆ, ಉರಿ ಅಲ್ಲಿಂದ. ತಿಕ್ಕಿಸಿಕೊಂಡಾಗ ಸಡಿಲವಾಗುವುದು ನಿಜ. ಮಾರನೇ ದಿನ ಅದೇ ಸ್ಟೂಲಿನಲ್ಲಿ ಕೂತರೆ ಮತ್ತೆ ಬಿಗಿಯುವುದೂ ಅಷ್ಟೇ ನಿಜ.

ಕಾಲರ್ ಬೇಡ. ಡಾಕ್ಟರು ಹೇಳದೆ ವಾರಗಟ್ಟಲೆ ಹಾಕಿಕೊಂಡರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಬೆಲ್ಟ್ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹೆಗಲನ್ನು ಹಿಂದಕ್ಕೆ ಎಳೆದೀತು, ಬಗ್ಗಿದ ತಲೆಯನ್ನು ಎತ್ತುವುದಿಲ್ಲ.

ಟೇಲರಿಂಗ್ ಮೇಷ್ಟ್ರು:
ಅಕ್ಕಾ, ನೀವು ಕೊಟ್ಟ ಅಳತೆಯಲ್ಲೇ ಅರ್ಧ ಉತ್ತರ ಇದೆ. ಸ್ಟೂಲ್ ಮೇಲೆ ಕೂತು ತೋಳು ಇಳಿಬಿಟ್ಟು ಮೊಣಕೈ ಮಡಚಿ, ನೆಲದಿಂದ ಮೊಣಕೈ ತಳಕ್ಕೆ ಟೇಪ್ ಹಿಡಿಸಿ. ನಿಮ್ಮ ಎತ್ತರಕ್ಕೆ ಸುಮಾರು 64 ಬರುತ್ತದೆ. ಟೇಬಲ್ 76. ಅಂದರೆ ಟೇಬಲ್ ಮೊಣಕೈಗಿಂತ 12 ಸೆಂ.ಮೀ. ಮೇಲಿದೆ, ಬಟ್ಟೆ ಹಿಡಿಯಲು ದಿನವಿಡೀ ಹೆಗಲು ಎತ್ತಿಕೊಂಡೇ ಇರುತ್ತೀರಿ. ಹೊಲಿಗೆಗೆ ಟೇಬಲ್ ಮೊಣಕೈಗಿಂತ 5 ಸೆಂ.ಮೀ. ಆಸುಪಾಸು ಮೇಲಿದ್ದರೆ ಸಾಕು. ಸ್ಟೂಲನ್ನು 48–49ಕ್ಕೆ ಏರಿಸಿ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಸ್ಪಂಜು ಪೇರಿಸಬೇಡಿ, ಕುಸಿಯುತ್ತದೆ, ಜಾರುತ್ತದೆ. ಮರದ ಗಟ್ಟಿ ಸ್ಟೂಲ್ ಮಾಡಿಸಿ ಮೇಲೆ ತೆಳು ದಿಂಬು ಹಾಕಿ. ಪಾದ ನೇತಾಡದಂತೆ ಎರಡೂ ಕಾಲಿಗೆ 7–8 ಸೆಂ.ಮೀ. ಮಣೆ ಕೊಡಿ, ಮೋಟರಿನ ಪೆಡಲ್ ಅದರ ಮೇಲೇ ಇರಲಿ. ಒಂದು ಕಾಲು ಮೇಲೆ, ಒಂದು ಕೆಳಗೆ ಆದರೆ ಸೊಂಟ ವಾಲುತ್ತದೆ.

ಈಗ ಇನ್ನೊಂದು ತೊಂದರೆ. ಸ್ಟೂಲ್ ಏರಿಸಿದರೆ ಹೆಗಲು ಇಳಿಯುತ್ತದೆ, ಆದರೆ ಸೂಜಿ ಕಣ್ಣಿನಿಂದ ಕೆಳಗೆ ಹೋಗಿ ಕುತ್ತಿಗೆ ಮತ್ತಷ್ಟು ಬಗ್ಗುತ್ತದೆ. ಅದಕ್ಕೆ ಇಡೀ ಟೇಬಲನ್ನು ನಿಮ್ಮ ಕಡೆಗೆ ಇಳಿಜಾರು ಮಾಡಿ: ಹಿಂದಿನ ಎರಡು ಕಾಲುಗಳ ಕೆಳಗೆ ಮರದ ತುಂಡು. ಕಾಲುಗಳ ನಡುವೆ 40 ಸೆಂ.ಮೀ. ಇದ್ದರೆ 7 ಸೆಂ.ಮೀ. ಎತ್ತರಕ್ಕೆ ಸುಮಾರು 10 ಡಿಗ್ರಿ ಸಿಗುತ್ತದೆ. ಮೊದಲು 4 ಸೆಂ.ಮೀ. ಇಟ್ಟು ಒಂದು ವಾರ ನೋಡಿ. ತುಂಡಿನಲ್ಲಿ ಕಾಲು ಕೂರುವಷ್ಟು ಗುಳಿ ಕೊರೆಸಿ, ಅಡಿಗೆ ಹಳೇ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿ. ಇಲ್ಲದಿದ್ದರೆ ಮೋಟರ್ ಅದುರಿ ಟೇಬಲ್ ಮುಂದಕ್ಕೆ ಬರುತ್ತದೆ. ಟೇಬಲ್‌ನ ಮುಂಭಾಗದ ಅಂಚಿಗೆ ತೆಳು ಪಟ್ಟಿ ಹೊಡೆಯಿರಿ, ಕತ್ತರಿ, ಬಾಬಿನ್ ಉರುಳಿ ಮಡಿಲಿಗೆ ಬೀಳುವುದಿಲ್ಲ.

ಸೂಜಿ ನಿಮ್ಮ ಮೂಗಿನ ನೇರಕ್ಕಿರಲಿ. ಬಹಳ ಜನ ಟೇಬಲ್‌ನ ಮಧ್ಯಕ್ಕೆ ಕೂತು ಎಡಕ್ಕೆ ತಿರುಗಿ ಹೊಲಿಯುತ್ತಾರೆ. ಸ್ಟೂಲನ್ನು ಎಡಕ್ಕೆ ಸರಿಸಿದರೆ ಆಯಿತು. ಲೆಹೆಂಗಾ, ಪರದೆ ಹೊಲಿಯುವಾಗ ಎಡಗಡೆ ಟೇಬಲ್‌ನಷ್ಟೇ ಎತ್ತರದ ಇನ್ನೊಂದು ಸ್ಟೂಲ್ ಇಡಿ. ಜೋತುಬಿದ್ದ ಬಟ್ಟೆಯ ಭಾರವನ್ನು ಹೆಗಲು ಹೊರಬಾರದು. ಬಲ ಹೆಗಲು ಜಾಸ್ತಿ ಅಂದಿರಲ್ಲ, ಕಟಿಂಗ್ ಎಲ್ಲಿ ಮಾಡುತ್ತೀರಿ? ನೆಲದ ಮೇಲಾದರೆ ನಿಲ್ಲಿಸಿ. ನಿಂತು ಕತ್ತರಿಸಲು 85–90 ಸೆಂ.ಮೀ. ಎತ್ತರ ಬೇಕು, ಅಡುಗೆಮನೆ ಕಟ್ಟೆ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಕತ್ತರಿಗೆ ಸಾಣೆ ಹಿಡಿಸಿ. ಮೊಂಡು ಕತ್ತರಿಗೆ ಹಾಕುವ ಬಲವೆಲ್ಲ ಹೆಗಲಿನಿಂದಲೇ ಬರಬೇಕು.

ಕನ್ನಡಕದಂಗಡಿ:
43 ಅಂದಿರಿ. ಚಾಳೀಸು ಬಂತೇ ನೋಡಿಸಿದ್ದೀರಾ? ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿಯುವಾಗ ಮುಖ ಬಟ್ಟೆಯ ಹತ್ತಿರಕ್ಕೆ ಹೋದರೆ ಸ್ಟೂಲ್, ಟೇಬಲ್ ಏನು ಮಾಡಿದರೂ ಕುತ್ತಿಗೆ ಬಗ್ಗಿಯೇ ಬಗ್ಗುತ್ತದೆ. ನೆಟ್ಟಗೆ ಕೂತು ಕಣ್ಣಿನಿಂದ ಸೂಜಿಗೆ ಎಷ್ಟು ದೂರ ಅಂತ ಅಳೆದುಕೊಂಡು, ಆ ಅಳತೆಯನ್ನು ಪರೀಕ್ಷೆ ಮಾಡುವವರಿಗೆ ಹೇಳಿ. ಪೇಪರ್ ಓದುವ 35–40 ಸೆಂ.ಮೀ.ಗೆ ಕೊಟ್ಟ ಗ್ಲಾಸು 50 ಸೆಂ.ಮೀ. ದೂರದ ಸೂಜಿಗೆ ಮಸುಕಾಗಬಹುದು, ಆಗಲೂ ಮುಂದೆ ಬಾಗುತ್ತೀರಿ. ಹೊಲಿಗೆಗೆ ಪ್ರತ್ಯೇಕವಾಗಿ ಒಂದೇ ಪವರಿನ ಕನ್ನಡಕ ಒಳ್ಳೆಯದು. ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್‌ನಲ್ಲಿ ಹತ್ತಿರ ನೋಡುವ ಜಾಗ ಕಿರಿದು, ಬಟ್ಟೆ ಸರಿದಂತೆ ತಲೆಯನ್ನೇ ತಿರುಗಿಸಬೇಕಾಗುತ್ತದೆ. ಜೊತೆಗೆ ಬಗ್ಗಿಸಬಹುದಾದ ಕುತ್ತಿಗೆಯ ಎಲ್‌ಇಡಿ ದೀಪ, ಎಡಬದಿಯಿಂದ ಸೂಜಿಯ ಮೇಲೆ ಬೀಳುವಂತೆ. ಬೆನ್ನ ಹಿಂದಿನ ಟ್ಯೂಬ್‌ಲೈಟ್ ನಿಮ್ಮದೇ ನೆರಳನ್ನು ಬಟ್ಟೆ ಮೇಲೆ ಹಾಕುತ್ತದೆ.

ರೇಷ್ಮೆಕುಚ್ಚು:
ಮೆಷಿನ್‌ಗಿಂತ ಕುಚ್ಚೇ ಕೆಟ್ಟದ್ದು. ಸೀರೆ ತುದಿಯನ್ನು ತೊಡೆ ಮೇಲೆ ಹಾಕಿಕೊಂಡು ಗಂಟು ಹಾಕಿದರೆ ಗದ್ದ ಎದೆಗೇ ತಾಗುತ್ತದೆ. ಸೆರಗಿನ ಅಂಚನ್ನು ಒಂದು ಹಲಗೆಗೆ ಕ್ಲಿಪ್ ಹಾಕಿ, ಹಲಗೆಯನ್ನು ಟೇಬಲ್ ಮೇಲೆ ಗೋಡೆಗೆ ಒರಗಿಸಿ ಎದೆಮಟ್ಟಕ್ಕೆ ತನ್ನಿ. ಕೈ ತೇಲಬಾರದು, ಮೊಣಕೈ ಟೇಬಲ್ ಮೇಲೆ ಊರಿರಲಿ. ಫಾಲ್, ಹೆಮ್ಮಿಂಗ್‌ಗೆ ಮಡಿಲಲ್ಲಿ ಎರಡು ಗಟ್ಟಿ ದಿಂಬು ಇಟ್ಟು ಅದರ ಮೇಲೆ ಬಟ್ಟೆ. ಒಂದು ಸೀರೆಯ ಕುಚ್ಚನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸುವ ಹಟ ಬೇಡ, ನಡುನಡುವೆ ಕಟಿಂಗ್, ಇಸ್ತ್ರಿ ಹಾಕಿಕೊಳ್ಳಿ.

ದಾರದುಂಡೆ:
ಕಟಿಂಗ್ ನೆಲದ ಮೇಲೇ ಮಾಡುತ್ತಿದ್ದೆ! ಸ್ಟೂಲ್ ಇವತ್ತೇ ಹೇಳುತ್ತೇನೆ. ವ್ಯಾಯಾಮ ಯಾವುದು, ಎಷ್ಟು ಮಾಡಬೇಕು? ರಾತ್ರಿ ದಿಂಬು? ತೀರಾ ನೋವಿದ್ದಾಗ ಮಾತ್ರೆ?

ಫಿಸಿಯೋ_ಹುಬ್ಬಳ್ಳಿ:
ಮೂರೇ ಸಾಕು, ಹತ್ತು ಹೇಳಿದರೆ ಯಾರೂ ಮಾಡುವುದಿಲ್ಲ.

ಒಂದು: ಅರ್ಧ ಲೀಟರ್ ನೀರಿನ ಬಾಟಲಿ ಎರಡು ಕೈಗೆ. ಮೊಣಕೈ ಸ್ವಲ್ಪ ಮಡಚಿ ತೋಳುಗಳನ್ನು ಪಕ್ಕದಿಂದ ಹೆಗಲ ಮಟ್ಟಕ್ಕೆ ಎತ್ತಿ, ನಿಧಾನ ಇಳಿಸಿ. ಎರಡು ನಿಮಿಷ. ಡೆನ್ಮಾರ್ಕ್‌ನಲ್ಲಿ ಆಫೀಸು ಕೆಲಸದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಬ್ಬರ್ ಟ್ಯೂಬ್ ಹಿಡಿದು ಇದನ್ನೇ ದಿನಕ್ಕೆ 2 ನಿಮಿಷದಂತೆ 10 ವಾರ ಮಾಡಿಸಿದ್ದರು, ಕುತ್ತಿಗೆ-ಹೆಗಲ ನೋವು ತಗ್ಗಿತು. ಹೆಗಲು ಕಿವಿಯ ಕಡೆಗೆ ಏರುತ್ತಿದ್ದರೆ ಭಾರ ಜಾಸ್ತಿಯಾಯಿತು ಎಂದರ್ಥ, ಬಾಟಲಿಯ ನೀರು ಚೆಲ್ಲಿ ಕಡಿಮೆ ಮಾಡಿ.

ಎರಡು: ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಹೊಕ್ಕುಳ ಮಟ್ಟದಲ್ಲಿ ಸುತ್ತಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಹಿಂದಕ್ಕೆ ಎಳೆಯಿರಿ, ರೆಕ್ಕೆಮೂಳೆಗಳು ಹತ್ತಿರ ಬರಬೇಕು. ಮೂರು ಎಣಿಸುತ್ತಾ ಬಿಡಿ. 12 ಸಲದಂತೆ ಎರಡು ಸುತ್ತು, ದಿನ ಬಿಟ್ಟು ದಿನ.

ಮೂರು: ಅಂಗಾತ ಮಲಗಿ ಗದ್ದವನ್ನು ಒಳಗೆ ಎಳೆದು ತಲೆಯ ಹಿಂಭಾಗದಿಂದ ಹಾಸಿಗೆಯನ್ನು ಮೆಲ್ಲಗೆ ಒತ್ತಿ, 5 ಸೆಕೆಂಡ್, 10 ಸಲ. ಗದ್ದ ಮೇಲಕ್ಕೆದ್ದರೆ ತಪ್ಪು.

ಮೊದಲ ವಾರ ಮೈಕೈ ಹಿಡಿದಂತಾಗುವುದು ಸಹಜ. ನೋವೇ ಹೆಚ್ಚಿ ಮಾರನೇ ದಿನಕ್ಕೂ ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ, ಬಿಡಬೇಡಿ. ಬದಲಾವಣೆ ಕಾಣಲು ಆರರಿಂದ ಎಂಟು ವಾರ ಬೇಕು. ಹದಿನೈದು ದಿನಕ್ಕೆ "ಏನೂ ಉಪಯೋಗವಿಲ್ಲ" ಎಂದು ನಿಲ್ಲಿಸುವವರೇ ಹೆಚ್ಚು. ಹೊಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ಓಡಾಡಿ.

ಅಂಗಾತ ಮಲಗಿದರೆ ತೆಳು ದಿಂಬು. ಪಕ್ಕಕ್ಕೆ ಮಲಗಿದರೆ ಕಿವಿಗೂ ಹೆಗಲ ತುದಿಗೂ ನಡುವಿನ ಜಾಗ ತುಂಬುವಷ್ಟು ದಪ್ಪ. ಬೋರಲು ಮಲಗುವುದು ಬೇಡ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ 15–20 ನಿಮಿಷ ಇಡಬಹುದು. ಡೈಕ್ಲೋಫಿನ್ಯಾಕ್ ಜೆಲ್ ಹಚ್ಚಿದರೆ ಅದರ ಮೇಲೆ ಶಾಖ ಬೇಡ. ಮೆಡಿಕಲ್‌ನಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಬೇಡಿ, ಹೊಟ್ಟೆ ಹುಣ್ಣು, ಕಿಡ್ನಿ ಎರಡಕ್ಕೂ ಕೆಟ್ಟದು; ಬಿಪಿ ಇದ್ದರಂತೂ ಕೇಳಿಯೇ ತಗೊಳ್ಳಿ. ಸಕ್ಕರೆ ಕಾಯಿಲೆ ಇದ್ದು, ಬೆನ್ನ ಹಿಂದೆ ಕೈ ಹೋಗದಷ್ಟು ಹೆಗಲು ಬಿಗಿದರೆ ಅದು ಬೇರೆ ಸಮಸ್ಯೆ, ಈ ವ್ಯಾಯಾಮ ಸಾಲದು. ಇನ್ನೊಂದು, ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸಿಕೊಳ್ಳುವ ಚಟ ಮನೆಯ ಗಂಡಸರಿಗಿದ್ದರೆ ಬಿಡಿಸಿ. ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆ.

ಗಾರ್ಮೆಂಟ್ಸ್_ಪೀಣ್ಯ:
ಮೇಷ್ಟ್ರೇ, ಗಾರ್ಮೆಂಟ್ಸ್ ಫ್ಯಾಕ್ಟರಿಯ ಪವರ್ ಮೆಷಿನ್‌ಗೂ ಹಿಂದೆ ಮರದ ತುಂಡು ಇಡಬಹುದಾ?

ಟೇಲರಿಂಗ್ ಮೇಷ್ಟ್ರು:
ಬೇಡಪ್ಪ. ಅದರ ಕೆಳಗೆ ಎಣ್ಣೆ ತಟ್ಟೆ ಇರುತ್ತದೆ. ಅಷ್ಟು ವಾಲಿಸಿದರೆ ಎಣ್ಣೆ ಒಂದೇ ಕಡೆ ಸೇರಿ ಪಂಪಿಗೆ ಸಿಗದೆ ಹೋಗಬಹುದು, ಬಟ್ಟೆಗೂ ತಾಗೀತು. ಅದರ ಸ್ಟ್ಯಾಂಡಿನ ಕಾಲಲ್ಲೇ ಬೋಲ್ಟ್ ಇದೆ, ಸಡಿಲಿಸಿ ಎತ್ತರ ಹೊಂದಿಸಿ, ನಾಲ್ಕೂ ಮೂಲೆ ಮಟ್ಟ ನೋಡಿ ಬಿಗಿ ಮಾಡಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಎತ್ತಲು ಮೊಣಕಾಲಿನಿಂದ ತಳ್ಳುವ ಲಿವರ್ ಇದ್ದರೆ ಅದನ್ನೇ ಬಳಸಿ, ಪ್ರತಿ ಸಲ ಬಲಗೈ ಎತ್ತುವುದು ತಪ್ಪುತ್ತದೆ. ಲಿವರಿನ ಪ್ಯಾಡ್ ಮೊಣಕಾಲಿಗೆ ಸಿಗದಷ್ಟು ದೂರ ಇದ್ದರೆ ಸ್ಕ್ರೂ ಸಡಿಲಿಸಿ ಹತ್ತಿರ ತಿರುಗಿಸಿಕೊಳ್ಳಿ.